ಗಿರಿಜಕ್ಕನ ಕುತ್ತಿಗೆಯ ಹುಣಸೆ ಬೀಜ

ಹೋದ ತಿಂಗಳು ಪಾವಗಡದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದೆ. ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಯಾರೋ ಒಂದು ಗೋಣಿಚೀಲವನ್ನು ನನ್ನ ಸೀಟಿನ ಪಕ್ಕಕ್ಕೇ ದಬ್ಬಿದರು. ಕಣ್ಣು ಬಿಡುವ ಮೊದಲೇ ಮೂಗಿಗೆ ಗೊತ್ತಾಯಿತು, ಹೊಸ ಹುಣಸೆಹಣ್ಣು. ಬಿಸಿಲು ಕುಡಿದ ಹುಳಿ, ಅದರೊಳಗೆ ಒಂಚೂರು ಬೆಲ್ಲ, ಒಂಚೂರು ಮಣ್ಣು. ಮೊದಲು ಬಾಯಲ್ಲಿ ನೀರೂರಿತು, ಅದರ ಹಿಂದೆಯೇ ಕಣ್ಣಲ್ಲೂ. ಚೀಲದ ಒಡತಿಗೆ ಗಾಬರಿಯಾಯಿತು. "ಯಾಕ್ ಕಣಮ್ಮ, ಚೀಲ ಕಾಲ್ ಮ್ಯಾಲೆ ಬಿತ್ತಾ?" ಅಂದರು. ಇಲ್ಲ ಅಂದೆ. ಹುಣಸೆಹಣ್ಣಿನ ವಾಸನೆಗೆ ಅಳು ಬಂತು ಅಂದರೆ ಯಾರು ನಂಬುತ್ತಾರೆ? ಮುಖ ತಿರುಗಿಸಿಕೊಂಡು ಸಿದ್ದರಬೆಟ್ಟದ ಕಡೆ ನೋಡುತ್ತಾ ಕೂತೆ. ಬಸ್ಸು ಮುಂದೆ ಹೋಗುತ್ತಿತ್ತು, ನಾನು ಕೆಲವು ವರ್ಷ ಹಿಂದಕ್ಕೆ ಹೋಗುತ್ತಿದ್ದೆ.

ಆ ವರ್ಷ ಸಂಕ್ರಾಂತಿ ಆದ ವಾರ ನಾನು ಮಧುಗಿರಿಗೆ ಬಂದಿಳಿದದ್ದು. ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ನಮ್ಮ ಮೇಡಂ ಹುಡುಕುತ್ತಿದ್ದದ್ದು ಪ್ಯಾರಾಥೈರಾಯ್ಡ್ ಗ್ರಂಥಿಯ ಗೆಡ್ಡೆಗಳ ಗುಟ್ಟು. ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ತೊಗರಿಬೇಳೆ ಗಾತ್ರದ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದರೆ ಮೂಳೆಯಿಂದ ಒಂದಿಷ್ಟು ತೆಗೆಸಿ ರಕ್ತಕ್ಕೆ ಹಾಕಿಸುವುದು, ಸಾಕಾದ ಮೇಲೆ ಸುಮ್ಮನಾಗುವುದು, ಇಷ್ಟೇ ಅವುಗಳ ಕೆಲಸ. ಆ ನಾಲ್ಕರಲ್ಲಿ ಒಂದು ಗೆಡ್ಡೆಯಾಗಿ ಬೆಳೆದರೆ ಅದಕ್ಕೆ ಸಾಕು ಅನ್ನುವುದೇ ಮರೆತುಹೋಗುತ್ತದೆ. ಮೂಳೆ ಸವೆಯುತ್ತಾ ಹೋಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕೂರುತ್ತದೆ. ಬಾಯಾರಿಕೆ, ಸುಸ್ತು, ಮರೆವು, ಕಾರಣವಿಲ್ಲದ ಅಳು, ಎಲ್ಲ ಸಾಲಾಗಿ ಬರುತ್ತವೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಈ ಆಪರೇಷನ್ ಮಾಡಿಸಿಕೊಂಡಿದ್ದ ಕೆಲವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರು. ಅವರ ಗೆಡ್ಡೆಯ ತುಣುಕುಗಳು ನಮ್ಮ ಫ್ರೀಜರಿನಲ್ಲಿದ್ದವು. ನಾನು ಅವರವರ ಮನೆಗೆ ಹೋಗಿ, ಚಿಕ್ಕಂದಿನಲ್ಲಿ ಯಾವ ಬಾವಿಯ ನೀರು ಕುಡಿದಿರಿ, ಏನು ಉಣ್ಣುತ್ತೀರಿ, ಮೊದಲು ಎಲ್ಲಿ ನೋವು ಶುರುವಾಯಿತು ಎಂದು ಕೇಳಿ ಫಾರಂ ತುಂಬಬೇಕು. ಬರುವಾಗ ಒಂದು ಬಾಟಲಿ ಅವರು ಕುಡಿಯುವ ನೀರು ತರಬೇಕು. ಅಪ್ಪ ಅಮ್ಮನಿಂದ ಬಂದ ಜೀನ್‌ಗಳ ಮೇಲೆ ಬದುಕು ಆಮೇಲಾಮೇಲೆ ಹಾಕುವ ಗುರುತುಗಳು ಎಲ್ಲಿಂದ ಬರುತ್ತವೆ, ನೀರಿನಿಂದಲೂ ಬರಬಹುದೇ ಎನ್ನುವುದು ಮೇಡಂ ಅವರ ಪ್ರಶ್ನೆ. ಈ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು, ಅದು ಹಲ್ಲು ಮೂಳೆ ಕೆಡಿಸುವುದು ಇಲ್ಲಿ ಮಕ್ಕಳಿಗೂ ಗೊತ್ತು. ನನಗಂತೂ ಎಲ್ಲಿ ನೋಡಿದರೂ ನೀರೇ ಕಾಣುತ್ತಿತ್ತು.

ಮಧುಗಿರಿಯಲ್ಲಿ ಬಾಡಿಗೆಗೆ ಸಿಕ್ಕಿದ್ದು ಒಂದು ಮಹಡಿಯ ರೂಮು. ಕಿಟಕಿ ತೆಗೆದರೆ ಬೆಟ್ಟ. ಬೆಟ್ಟ ಅಂದರೆ ಮರಗಿಡ ಹೊದ್ದ ಬೆಟ್ಟವಲ್ಲ, ಒಂದೇ ಒಂದು ಬೋಳು ಬಂಡೆ, ಆಕಾಶದ ಅರ್ಧ ಭಾಗ ಅದರದ್ದೇ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆ ನಿಧಾನವಾಗಿ ಊರ ಮೇಲೆ ಬಿಡುತ್ತಿತ್ತು. ತಂದ ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಸಂಜೆಯ ಬೆಳಕು ಬಿದ್ದಾಗ ಒಂದೊಂದು ಬಾಟಲಿಯೊಳಗೂ ಆ ಬಂಡೆ ತಲೆಕೆಳಗಾಗಿ ಮುಳುಗಿರುತ್ತಿತ್ತು. ಶಿರಾದ ನೀರು, ಪಾವಗಡದ ನೀರು, ಕೊರಟಗೆರೆಯ ನೀರು, ನೋಡುವುದಕ್ಕೆ ಎಲ್ಲವೂ ಒಂದೇ ಥರ. ಹಾಸಿಗೆಯ ಮೇಲೆ ಬಿದ್ದುಕೊಂಡು ಅದನ್ನೇ ನೋಡುತ್ತಾ ಎಷ್ಟೋ ಸಂಜೆ ಹಾಗೇ ಕಳೆದೆ.

ಕೆಳಗಿನ ಮನೆಯವರು ರುದ್ರಣ್ಣ ಮತ್ತು ಗಿರಿಜಕ್ಕ. ರುದ್ರಣ್ಣನವರದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಒಬ್ಬಳೇ ಮಗಳು ವೀಣಾ ಮದುವೆಯಾಗಿ ತುಮಕೂರಿನಲ್ಲಿದ್ದಳು. ಗಿರಿಜಕ್ಕ ಐವತ್ತರ ಮೇಲಿನ ವಯಸ್ಸಿನವರು, ಹತ್ತಿರದ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ನನ್ನನ್ನು ಮೊದಲ ದಿನ ನೋಡಿದವರೇ ಒಳಗಿದ್ದ ಗಂಡನಿಗೆ ಕೂಗಿ ಹೇಳಿದರು. "ರೀ, ಕಾವೇರಿ ನೀರು ಕುಡ್ದು ಬೆಳ್ದ ಮಂಡ್ಯದೋಳು ನಮ್ ನೀರು ಪರೀಕ್ಷೆ ಮಾಡಕ್ ಬಂದವ್ಳೆ ಬನ್ನಿ, ನೋಡ್ಬನ್ನಿ!"

ನಕ್ಕಾಗ ಅವರ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳು ಕಂಡವು. ತವರು ಪಾವಗಡದ ಆಚೆ ಬಲಸಮುದ್ರ. ಅಲ್ಲಿನ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಆ ಗೆರೆ ಇದ್ದೇ ಇರುತ್ತದೆ. ನಾನು ಮನಸ್ಸಿನಲ್ಲೇ ಫ್ಲೋರೈಡ್ ಅಂದುಕೊಂಡೆ. ಅಷ್ಟಕ್ಕೇ ಗಿರಿಜಕ್ಕನ ವಿಷಯ ನನ್ನ ಪಾಲಿಗೆ ಮುಗಿದುಹೋಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅವರಿಗೆ ಮೈಯೆಲ್ಲ ನೋವು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು, ಕೂತರೆ ಏಳುವುದಕ್ಕೆ ಮಂಡಿಯ ಮೇಲೆ ಕೈ ಊರುತ್ತಿದ್ದರು. ಹಿಂದಿನ ವರ್ಷ ಮೂತ್ರಪಿಂಡದ ಕಲ್ಲಿಗೆ ಔಷಧಿ ಆಗಿತ್ತು. ಎಷ್ಟು ನೀರು ಕುಡಿದರೂ ದಾಹ, ಅಡುಗೆಮನೆಯಲ್ಲಿ ಅವರ ಚೊಂಬು ಕೆಳಗಿಟ್ಟ ಸದ್ದು ಆಗಾಗ ಮಹಡಿಗೂ ಕೇಳುತ್ತಿತ್ತು. ಏನಾಗ್ತಿದೆ ಗಿರಿಜಕ್ಕ ಅಂತ ಕೇಳಿದರೆ ಒಂದೇ ಮಾತು, "ಬುಡು, ನೀರಿಂದು." ರುದ್ರಣ್ಣನೂ ಅದನ್ನೇ ಹೇಳುತ್ತಿದ್ದರು. "ನಮ್ಮತ್ತೆ ಊರಿನ ನೀರು ಇವಳ ಮೂಳೆ ಬಿಟ್ಟಿಲ್ಲ ಕಣಮ್ಮ. ಅದಕ್ಕೇನ್ ಮಾಡಕ್ಕಾಗ್ತದೆ, ಬುಡು." ತೋರಿಸಿದ್ದ ಡಾಕ್ಟರೂ ಹಲ್ಲು ನೋಡಿ ಊರು ಕೇಳಿ, ನೋವಿನ ಮಾತ್ರೆ ಬರೆದಿದ್ದರಂತೆ. ಆ ಸೀಮೆಯಲ್ಲಿ ಮೂಳೆ ನೋವಿಗೆ ಇನ್ನೊಂದು ಕಾರಣ ಹುಡುಕುವವರೇ ಇರಲಿಲ್ಲ.

ನೋವನ್ನು ಅವರು ಹೇಗೋ ತಡೆದುಕೊಳ್ಳುತ್ತಿದ್ದರು. ತಡೆಯಲಾಗದೆ ಇದ್ದದ್ದು ಮರೆವು. ಇಪ್ಪತ್ತು ಮಕ್ಕಳಿರುವ ಶಾಲೆ, ಇಬ್ಬರೇ ಟೀಚರು. ಒಂದನೇ ತರಗತಿಗೆ ಕೈಹಿಡಿದು ಬಂದ ಮಕ್ಕಳು ಐದನೇ ತರಗತಿ ಮುಗಿಸಿ ಹೋಗುವವರೆಗೂ ಇವರ ಕಣ್ಣ ಮುಂದೆಯೇ ಇರುತ್ತಾರೆ. ಹಾಜರಿ ಪುಸ್ತಕ ನೋಡದೆ ಹೆಸರು ಕೂಗುವುದು ಅವರ ಜಂಬವಾಗಿತ್ತು. ಜನವರಿಯ ಕೊನೆಯಲ್ಲಿ ಒಂದು ದಿನ ಎರಡನೇ ಸಾಲಿನಲ್ಲಿ ಕೂತಿದ್ದ, ಬಡಗಿಯ ಮಗಳ ಹೆಸರು ಬರಲಿಲ್ಲ. ಮುಖ ಗೊತ್ತು, ಅವಳಪ್ಪ ಗೊತ್ತು, ಎರಡು ಜಡೆಗೆ ಕಟ್ಟಿದ್ದ ಕೆಂಪು ಟೇಪೂ ಕಾಣುತ್ತಿದೆ, ಹೆಸರು ಇಲ್ಲ. ಆ ಹುಡುಗಿಯೇ ಎದ್ದು ನಿಂತು ಹೇಳಿತಂತೆ. ಮಾರನೆಯ ದಿನ ಮತ್ತೆ ಅದೇ ಹೆಸರು ಹೋಯಿತು. ಮತ್ತೆ ಹುಡುಗಿ ಎದ್ದು ನಿಂತಿತು. ಮೂರನೆಯ ದಿನ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು.

ಆ ಸಂಜೆ ಗಿರಿಜಕ್ಕ ಸೀರೆ ಕೂಡ ಬದಲಾಯಿಸದೆ ಜಗುಲಿಯಲ್ಲಿ ಕೂತು ಅತ್ತರು. "ನಕ್ಕಿದ್ದಕ್ಕಲ್ಲ ಕಣೇ ಸುಮ. ಆ ಹುಡ್ಗಿ ನಗ್ಲಿಲ್ಲ. ದಿನಾ ಎದ್ದು ನಿಂತು ತನ್ನ ಹೆಸ್ರು ತಾನೇ ಹೇಳ್ತದೆ, ನಂಗೆ ಬೇಜಾರಾಗ್ಬಾರ್ದು ಅಂತ ಮೆತ್ತಗೆ ಹೇಳ್ತದೆ." ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಂದು ಹಾಳೆ ತಂದು ತೋರಿಸಿದರು. ಸ್ವಯಂ ನಿವೃತ್ತಿಯ ಅರ್ಜಿ. ಕಪ್ಪು ಹಲಗೆಯ ಮೇಲೆ ಬರೆದಷ್ಟೇ ದುಂಡಗೆ ಬರೆದಿದ್ದರು. ದಿನಾಂಕದ ಜಾಗ ಮಾತ್ರ ಖಾಲಿ. "ಈ ವರ್ಷದ ಪರೀಕ್ಷೆ ಆಗ್ಲಿ, ಕೊಟ್ಬುಡ್ತೀನಿ. ಮಕ್ಳ ಹೆಸ್ರೇ ಗೊತ್ತಿಲ್ದೋಳು ಏನ್ ಟೀಚರು." ನಾನು ಏನೋ ಸಮಾಧಾನ ಹೇಳಿದೆ. ಅದು ನನಗೇ ಈಗ ನೆನಪಿಲ್ಲ.

ಹಗಲೆಲ್ಲ ನಾನು ಬಸ್ಸಿನಲ್ಲಿರುತ್ತಿದ್ದೆ. ಬಸ್ಸು ಹತ್ತಿದರೆ ನನಗೆ ನಿದ್ದೆ, ಇಳಿಯುವ ಊರು ಬಂದರೆ ಕಂಡಕ್ಟರೇ ಎಬ್ಬಿಸುವಷ್ಟು ಪರಿಚಯವಾಗಿಬಿಟ್ಟಿತ್ತು. ಅರೆನಿದ್ದೆಯಲ್ಲಿ ಒಣ ಕೆರೆಗಳು, ಹೊಂಗೆ ಮರಗಳು, ಒಂದರ ಬೆನ್ನಿಗೊಂದು ಬೋಳು ಗುಡ್ಡಗಳು ಹಾದುಹೋಗುತ್ತಿದ್ದವು. ಎಚ್ಚರವಾಗಿ ನೋಡಿದ್ದು ಯಾವುದು, ಕನಸಿನಲ್ಲಿ ಕಂಡದ್ದು ಯಾವುದು ಎಂದು ಈಗ ಹೇಳಲಾರೆ. ಶಿರಾದ ಕೋಟೆ ಹತ್ತಿರದ ಓಣಿಯಲ್ಲಿ ಆಪರೇಷನ್ ಆಗಿ ವರ್ಷವಾಗಿದ್ದ, ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ ಒಬ್ಬರು ಇದ್ದರು. ಅವರು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. "ನೋವು ದೊಡ್ದಲ್ಲ ಬೇಟಿ. ನನ್ ದಿಲ್ ಸುಮ್ಸುಮ್ನೆ ಅಳ್ತಿತ್ತು. ಚೂಲಾ ಮೇಲೆ ಹಾಲಿಟ್ಟು ಯಾಕಿಟ್ಟೆ ಅಂತ ಮರೀತಿದ್ದೆ. ಮನೇಲಿ ಎಲ್ಲ ದೀವಾನಿ, ಹುಚ್ಚಿ ಅಂದ್ರು." ನಾನು ಮರೆವು ಎನ್ನುವ ಕಡೆ ಟಿಕ್ ಹಾಕಿ, ನೀರು ತುಂಬಿಕೊಂಡು, ವಾಪಸ್ಸು ಬಂದೆ. ಮನೆಗೆ ಬಂದಾಗ ಗಿರಿಜಕ್ಕ ಒಲೆಯ ಮೇಲೆ ಹಾಲಿಟ್ಟು ಮರೆತು, ಸೀದ ಪಾತ್ರೆ ಉಜ್ಜುತ್ತಾ ಕೂತಿದ್ದರು. ಆಗಲೂ ನನ್ನ ತಲೆಗೆ ಹೋಗಲಿಲ್ಲ. ಎಂ.ಎಸ್ಸಿ. ಓದಿದವಳು ನಾನು!

ಫೆಬ್ರವರಿಯಲ್ಲಿ ಹುಣಸೆಹಣ್ಣು ಬಂತು. ರುದ್ರಣ್ಣನವರ ಹೊಲದ ಬದುವಿನಲ್ಲಿ ಎರಡು ಮರ ಇದ್ದವು. ಅಂಗಳದ ತುಂಬ ಹರಡಿದ ಹಣ್ಣು ಬಿಸಿಲಿಗೆ ಕಾದು, ಇಡೀ ಬೀದಿಯೇ ಆ ಹುಳಿಯಲ್ಲಿ ಮುಳುಗಿತ್ತು. ಸಿಪ್ಪೆ ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಕೊಡತಿಯಲ್ಲಿ ಕುಟ್ಟಿ ಬೀಜ ತೆಗೆಯಬೇಕು. ನಾನು ಕುಟ್ಟಿದರೆ ಬೀಜ ಹಾರಿ ಪಕ್ಕದ ಮನೆಗೆ ಹೋಗುತ್ತಿತ್ತು. "ಕೊಡೇ ಇಲ್ಲಿ, ಬೀಜ ಬಿತ್ತನೆ ಮಾಡ್ತಿದ್ದೀಯ" ಎಂದು ನಗುತ್ತಾ ಗಿರಿಜಕ್ಕ ಕೊಡತಿ ಕಿತ್ತುಕೊಂಡರು. ನಾಲ್ಕು ಏಟು ಹಾಕಿರಬೇಕು. ಐದನೆಯದಕ್ಕೆ ಚಟ್ ಅಂತ ಸದ್ದಾಯಿತು. ಬೀಜ ಒಡೆಯಿತು ಅಂದುಕೊಂಡೆ. ಕೊಡತಿ ಕೆಳಗೆ ಬಿತ್ತು, ಗಿರಿಜಕ್ಕ ಬಲಗೈ ಮಣಿಕಟ್ಟು ಹಿಡಿದುಕೊಂಡು ಬೆಳ್ಳಗಾಗಿ ಕೂತಿದ್ದರು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ನೋಡಲು ಬಂದ ಅಕ್ಕಪಕ್ಕದವರೆಲ್ಲ ನೀರನ್ನೇ ಬೈದರು. ನಾನೂ ನನ್ನ ದಿನಚರಿಯಲ್ಲಿ ಬರೆದೆ, "ಗಿರಿಜಕ್ಕನ ಮಣಿಕಟ್ಟು ಬಿರುಕು. ನೀರಿನ ತೊಂದರೆ." ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಶಿವರಾತ್ರಿ ಕಳೆದ ಮೇಲೆ ಗಿರಿಜಕ್ಕ ತಾಯಿಯನ್ನು ನೋಡಲು ಬಲಸಮುದ್ರಕ್ಕೆ ಹೊರಟರು. ಒಂದು ಕೈ ಪಟ್ಟಿಯಲ್ಲಿತ್ತು, ಬಸ್ಸು ಹತ್ತಲು ಜೊತೆ ಬೇಕು. ನನಗೂ ಅಲ್ಲಿನ ನೀರು ಬೇಕಿತ್ತು. ಪಾವಗಡ ದಾಟಿದ ಮೇಲೆ ದಾರಿಯ ಎರಡೂ ಕಡೆ ಸೋಲಾರ್ ಪ್ಯಾನೆಲ್ಲುಗಳು ಶುರುವಾದವು. ಕಣ್ಣು ಹಾಯಿಸಿದಷ್ಟೂ ನೀಲಿ, ಬಿಸಿಲಿನಲ್ಲಿ ತೆಳ್ಳಗೆ ಅಲೆಯಾಡಿದಂತೆ ಕಾಣುವ ನೀಲಿ. ನಿದ್ದೆಗಣ್ಣಿನಲ್ಲಿ ನನಗೆ ನಿಜವಾಗಿಯೂ ಕೆರೆ ತುಂಬಿದೆ ಅನ್ನಿಸಿತು. "ಎಷ್ಟು ನೀರು" ಅಂದುಬಿಟ್ಟೆ. ಗಿರಿಜಕ್ಕ ನಕ್ಕರು. "ಊರಿನ ಹೆಸ್ರಲ್ಲೇ ಸಮುದ್ರ ಐತೆ. ಕುಡಿಯಕ್ಕೆ ಮಾತ್ರ ಕ್ಯಾನ್ ನೀರು."

ಅವರ ತಾಯಿ ಸಿದ್ದಮ್ಮಜ್ಜಿ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಬೆನ್ನು ಬಾಗಿ, ಬಾಗಿದ ಹಾಗೆಯೇ ನಿಂತುಬಿಟ್ಟಿತ್ತು, ಕತ್ತು ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ನನ್ನ ಫಾರಂ ನೋಡಿ, ಗಡಿ ಸೀಮೆಯ ತೆಲುಗು ಬೆರೆಸಿ, "ಏಮಮ್ಮಾಯ್, ಎಲೆಕ್ಷನ್ನಾ?" ಅಂದರು. ಅಲ್ಲ ಅಂದೆ. ಮಗಳ ಕೈ ನೋಡಿದವರು ಪಟ್ಟಿಯ ಮೇಲಿನಿಂದ ಬೆರಳ ತುದಿಯವರೆಗೆ ಮುಟ್ಟಿ ನೋಡಿದರು.

"ಹೆಂಗಾಯ್ತೇ?"

"ಹುಣಸೆಹಣ್ಣು ಕುಟ್ತಿದ್ದೆ ಕಣವ್ವ. ಚಟ್ ಅಂತು. ಬುಡು, ನೀರಿಂದು. ನಿಂದೂ ಹಿಂಗೇ ಅಲ್ವಾ ಶುರುವಾಗಿದ್ದು."

ಅಜ್ಜಿಗೆ ಸಿಟ್ಟು ಬಂತು. "ಯಾವಳೇ ನೀನು, ನಂದು ಹಿಂಗೇ ಅಂತ ಹೇಳಕ್ಕೆ? ಚೂಡು, ಈ ಬೆನ್ನು ನೋಡು. ಗೂಟ! ಬಗ್ಗಲ್ಲ, ತಿರುಗಲ್ಲ, ಹೊಡುದ್ರೂ ಮುರಿಯಲ್ಲ. ಬಾವಿಕಟ್ಟೆ ಮ್ಯಾಲಿಂದ ಬಿದ್ದೀನಿ, ಒಂದು ಮೂಳೆ ಮುರೀಲಿಲ್ಲ. ಈ ನೀರು ಮೂಳೆನ ಕಲ್ಲು ಮಾಡ್ತದೆ. ಕೊಡತಿ ಏಟಿಗೆ ಮುರಿಯೋದು ಕಲ್ಲಾ? ಹಪ್ಪಳ! ನಿಂದು ಬೇರೆ ಏನೋ ಆಗೈತೆ. ನೀರಿನ್ ಮ್ಯಾಲೆ ಹಾಕ್ಬ್ಯಾಡ."

ನಾನು ಫಾರಂ ಹಿಡಿದುಕೊಂಡು ಹಾಗೇ ನಿಂತಿದ್ದೆ. ಕಲ್ಲು, ಹಪ್ಪಳ. ಇಡೀ ಜೀವನ ಆ ನೀರಿನ ಜೊತೆ ಬದುಕಿದ್ದ ಅಜ್ಜಿಗೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎನ್ನುವುದು ಗೊತ್ತಿತ್ತು. ಬಾಟಲಿಗಟ್ಟಲೆ ನೀರು ಹೊತ್ತು ತಿರುಗುತ್ತಿದ್ದ ನನಗೆ ಗೊತ್ತಿರಲಿಲ್ಲ. ಅಂದು ವಾಪಸ್ಸು ಬರುವಾಗ ಗಿರಿಜಕ್ಕ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ನನಗೆ ಮಾತ್ರ ಆ ಬೇಸಿಗೆಯಲ್ಲಿ ಮೊದಲ ಸಲ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ತೊಡೆಯ ಮೇಲೆ ಖಾಲಿ ಫಾರಂ ಇಟ್ಟುಕೊಂಡು ಅವರನ್ನು ನೆನೆದು ಒಂದೊಂದೇ ಪ್ರಶ್ನೆ ಓದಿದೆ. ಮೂಳೆ ನೋವು, ಟಿಕ್. ಮೂತ್ರಪಿಂಡದ ಕಲ್ಲು, ಟಿಕ್. ದಾಹ. ಸುಸ್ತು. ಮರೆವು. ಅಳು. ಸಣ್ಣ ಏಟಿಗೆ ಮೂಳೆ ಮುರಿತ. ಊರೂರು ಸುತ್ತಿ ಕೇಳುತ್ತಿದ್ದ ಪ್ರಶ್ನೆಗಳ ಉತ್ತರವೆಲ್ಲ ನನ್ನ ಕೆಳಗಿನ ಮನೆಯಲ್ಲೇ ಇತ್ತು. ಪ್ಯಾನೆಲ್ಲುಗಳ ನೀಲಿ ಹಿಂದೆ ಸರಿದು ಹೊಲಗಳು ಬಂದವು, ನಾನು ಮತ್ತೆ ಮೊದಲನೇ ಪ್ರಶ್ನೆಯಿಂದ ಓದಿದೆ.

ಮಾರನೆಯ ದಿನವೇ ರಕ್ತ ಕೊಡಿಸಿದೆ. ಕ್ಯಾಲ್ಸಿಯಂ ತುಂಬ ಮೇಲಿತ್ತು. ಮೇಡಂಗೆ ಫೋನ್ ಮಾಡಿ ಹೇಳಿದಾಗ ಅವರು "ಎಷ್ಟು ದಿನದಿಂದ ಅವರ ಮನೆಯಲ್ಲಿದ್ದೀಯ?" ಅಂತ ಮಾತ್ರ ಕೇಳಿದರು. ಎರಡು ತಿಂಗಳು ಅಂದೆ. ಆಮೇಲೆ ಬೆಂಗಳೂರು, ಇನ್ನೊಂದಿಷ್ಟು ಪರೀಕ್ಷೆ, ಕುತ್ತಿಗೆಯ ಸ್ಕ್ಯಾನು. ಎಡಗಡೆ ಕೆಳಗಿನ ಗ್ರಂಥಿಯಲ್ಲಿ ಗೆಡ್ಡೆ. ನೋಡಿದರೆ ಕ್ಯಾನ್ಸರ್ ಥರ ಇಲ್ಲ, ಆದರೆ ತೆಗೆಯಬೇಕು ಅಂದರು ಅಲ್ಲಿನ ಡಾಕ್ಟರು.

ರುದ್ರಣ್ಣ ಒಪ್ಪಲಿಲ್ಲ. "ಕೈ ನೋವು ಅಂತ ಹೋದ್ರೆ ಕತ್ತು ಕುಯ್ತೀನಿ ಅಂತಾರಲ್ಲಮ್ಮ!" ಎಂದು ನನ್ನ ಮೇಲೆ ರೇಗಿದರು. ಗಿರಿಜಕ್ಕನ ಹೆದರಿಕೆಯೇ ಬೇರೆ. ಅಲ್ಲಿ ಧ್ವನಿಯ ನರ ಹತ್ತಿರದಲ್ಲೇ ಇರುತ್ತದೆ, ಅಪರೂಪಕ್ಕೆ ಧ್ವನಿ ಕೆಡಬಹುದು ಎಂದು ಡಾಕ್ಟರು ಹೇಳಿದ್ದರು. "ಹೆಸ್ರು ಮರ್ತೋದ್ರೆ ಪುಸ್ತಕ ನೋಡಿ ಕೂಗ್ಬೋದು. ಗಂಟ್ಲೇ ಹೋದ್ರೆ ಯಾವ್ದರಲ್ಲಿ ಕೂಗ್ಲಿ ಸುಮ?" ಅಂದರು. ಅರ್ಜಿ ಕಪಾಟಿನಿಂದ ಹೊರಗೆ ಬಂದು ಮೇಜಿನ ಮೇಲೆ ಕೂತಿತ್ತು. ಒಂದು ವಾರ ಹೀಗೇ ಹೋಯಿತು. ಕೊನೆಗೆ ಬಲಸಮುದ್ರದಿಂದ ಅಜ್ಜಿಯ ಫೋನು ಬಂತು. ಅಳಿಯನಿಗೆ ಏನು ಹೇಳಿದರೋ ಗೊತ್ತಿಲ್ಲ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈಗುಳ ಜಗುಲಿಗೂ ಕೇಳಿಸಿತು. ರುದ್ರಣ್ಣ ಫೋನಿಟ್ಟು, "ಪರೀಕ್ಷೆ ಮುಗೀತಿದ್ದಂಗೆ ಹೋಗಾಣ" ಅಂದರು.

ಹೊರಡುವ ಹಿಂದಿನ ಸಂಜೆ ಗಿರಿಜಕ್ಕ ನನ್ನನ್ನು ಅಡುಗೆಮನೆಗೆ ಕರೆದರು. ಭರಣಿಗೆ ಹೊಸ ಹುಣಸೆಹಣ್ಣು ಉಪ್ಪು ಹಾಕಿ ತುಂಬುತ್ತಿದ್ದರು, ಎಡಗೈಯಲ್ಲೇ. "ನಂದೂ ಬರ್ಕೋ" ಅಂದರು. ಗೆಡ್ಡೆಯ ಒಂದು ತುಣುಕನ್ನು ನಮ್ಮ ಸಂಶೋಧನೆಗೆ ಕೊಡುತ್ತೇನೆ ಎನ್ನುವುದು ಅದರ ಅರ್ಥ. ನಾನು ಒಪ್ಪಿಗೆ ಪತ್ರ ಓದಿ ಹೇಳಿದೆ. ಟೀಚರು ಟೀಚರೇ, ಸುಮ್ಮನೆ ಸಹಿ ಹಾಕುವವರಲ್ಲ.

"ಅದ್ರೊಳಗೆ ಏನ್ ಹುಡುಕ್ತೀರಿ?"

"ಜೀವಕೋಶದ ಒಳಗೆ ಒಂದು ಪುಸ್ತಕ ಇದೆ ಅಂದ್ಕೊಳ್ಳಿ, ಗಿರಿಜಕ್ಕ. ಹೆಂಗೆ ಬೆಳೀಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಅದರಲ್ಲಿ ಬರ್ದಿರುತ್ತೆ."

"ಅದ್ರಲ್ಲಿ ಅಕ್ಷರ ತಪ್ಪಾಗಿರ್ತದೆ ಅಂತೀಯ."

"ಕೆಲವರಲ್ಲಿ ಹಾಗಿರುತ್ತೆ. ಎಷ್ಟೋ ಜನರಲ್ಲಿ ಅಕ್ಷರವೆಲ್ಲ ಸರಿಯಾಗೇ ಇರುತ್ತೆ. ಅದರ ಮೇಲೆ ಸಣ್ಣ ಸಣ್ಣ ಗುರುತು ಕೂತಿರುತ್ತೆ, ಮೀಥೈಲ್ ಅಂತೀವಿ. 'ಬೆಳೆದಿದ್ದು ಸಾಕು' ಅಂತ ಹೇಳೋ ಪಾಠದ ಶುರುವಿನಲ್ಲೇ ಆ ಗುರುತು ಒತ್ತೊತ್ತಾಗಿ ಕೂತುಬಿಟ್ಟರೆ, ಜೀವಕೋಶ ಆ ಪಾಠ ಓದೋದೇ ಇಲ್ಲ."

ಗಿರಿಜಕ್ಕ ಕೈ ಒರೆಸಿಕೊಂಡು ಹೋಗಿ ತಮ್ಮ ಐದನೇ ತರಗತಿಯ ಕನ್ನಡ ಪುಸ್ತಕ ತಂದರು. ಪುಟ ತೆಗೆದು ಒಂದು ಪಾಠದ ಹೆಸರಿನ ಪಕ್ಕ ಬೆರಳಿಟ್ಟರು. ಅಲ್ಲಿ ಪೆನ್ಸಿಲ್ಲಿನಲ್ಲಿ, ಸುತ್ತ ಒಂದು ಸೊನ್ನೆ ಎಳೆದು, 'ಬಿ' ಎಂದು ಬರೆದಿತ್ತು.

"ಬಿ ಅಂದ್ರೆ ಬಿಡು. ನಾನೇ ಹಾಕಿದ್ದು. ನಿಂತ್ಕೊಂಡು ಓದಕ್ಕಾಗ್ತಿರ್ಲಿಲ್ಲ, ಉದ್ದ ಪಾಠ ಬಂದ್ರೆ ಬಿ ಹಾಕ್ಬುಟ್ಟು ಮುಂದಕ್ಕೆ ಹೋಗ್ತಿದ್ದೆ. ಮೊದ್ಲು ಒಂದು, ಆಮೇಲೆ ಎರ್ಡು. ಹೋದ್ ವರ್ಷ ನಾಕು." ಪುಟ ತಿರುಗಿಸುತ್ತಾ ಹೋದರು. "ಪಾಠ ಐತೆ, ಚಿತ್ರ ಐತೆ, ಒಂದಕ್ಷರ ತಪ್ಪಿಲ್ಲ. ಮಕ್ಳು ಓದ್ಲಿಲ್ಲ ಅಷ್ಟೆ. ಹಿಂಗಾ?"

"ಹಿಂಗೇ" ಅಂದೆ. ಸೆಮಿನಾರುಗಳಲ್ಲಿ ಅಷ್ಟು ಸಲ ಕೇಳಿದ್ದ ವಿಷಯ ನನಗೇ ಅವತ್ತು ಸರಿಯಾಗಿ ಅರ್ಥವಾಯಿತು.

"ಆ ಬಿ ಹಾಕೋರು ಯಾರು?"

"ಅದೇ ಪೂರ್ತಿ ಗೊತ್ತಿಲ್ಲ. ವಯಸ್ಸೋ, ಊಟವೋ, ನೀರೋ."

"ನೋಡ್ದಾ, ಕೊನೆಗೂ ನೀರಿನ್ ಕಾಲಿಗೇ ಬಿದ್ರಿ!" ಎಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು. "ಪುಸ್ತಕದ್ದೇ ತಪ್ಪಾಗಿದ್ರೆ ವೀಣಂಗೂ ಅದೇ ಪುಸ್ತಕ ಹೋಗಿರ್ತದೆ. ಪೆನ್ಸಿಲ್ದಾದ್ರೆ?"

"ಗೆಡ್ಡೆಯೊಳಗೆ ಬಿದ್ದ ಗುರುತು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತೆ, ಗಿರಿಜಕ್ಕ. ಮಕ್ಕಳಿಗೆ ಹೋಗಲ್ಲ. ಪುಸ್ತಕದ ಪರೀಕ್ಷೆ ಆಸ್ಪತ್ರೆಯವರು ಬೇರೆ ಮಾಡ್ತಾರೆ."

ಅವರು ಎಡಗೈಯಲ್ಲಿ ಸಹಿ ಹಾಕಿದರು. ಅಕ್ಷರ ಸೊಟ್ಟಗಾಯಿತು ಎಂದು ಬೇಜಾರು ಮಾಡಿಕೊಂಡರು.

ಆಪರೇಷನ್ನಿನ ದಿನ ತುಣುಕು ತರಲು ನನ್ನನ್ನೇ ಕಳಿಸಿದರು. ಐಸ್ ಡಬ್ಬಿ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ನರ್ಸ್ ತಂದು ತೋರಿಸಿದ ಸ್ಟೀಲ್ ಬಟ್ಟಲಿನಲ್ಲಿ ಹೊಳೆಯುವ ಕಂದು ಬಣ್ಣದ್ದೊಂದು ಪುಟ್ಟ ಗಂಟಿತ್ತು. ಹುಣಸೆ ಬೀಜ, ಥೇಟ್ ಹುಣಸೆ ಬೀಜ. ಇಷ್ಟು ಸಣ್ಣದೊಂದು ಗಂಟು ಒಬ್ಬ ಹೆಂಗಸಿನ ಮೂಳೆ, ನೆನಪು, ನಗು ಎಲ್ಲವನ್ನೂ ಕೂತಲ್ಲೇ ತಿಂದುಹಾಕುತ್ತಿತ್ತು. ಅದರ ಒಂದು ಚೂರು ಸಣ್ಣ ಟ್ಯೂಬಿಗೆ ಹೋಯಿತು. ಟ್ಯೂಬಿನ ಮೇಲೆ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಆ ನಂಬರುಗಳನ್ನು ಆಮೇಲೆ ಬೇರೆಯವರು ಮತ್ತೊಮ್ಮೆ ಬದಲಾಯಿಸುತ್ತಾರೆ. ಹಾಗಾಗಿ ಅವರದು ಯಾವುದು, ಅದರಲ್ಲಿ ಯಾವ ಪಾಠದ ಪಕ್ಕ ಬಿ ಇತ್ತು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಫ್ರೀಜರ್ ಬಾಗಿಲು ತೆಗೆದಾಗ ಬಿಳಿ ಹಬೆ ಮುಖಕ್ಕೆ ಬರುತ್ತದೆ. ಮಧುಗಿರಿಯ ಬಿಸಿಲಿನ ಒಂದು ತುಣುಕು ಈ ಹಿಮದಲ್ಲೆಲ್ಲೋ ಮಲಗಿದೆ ಅಂತ ಒಂದು ಗಳಿಗೆ ಅನ್ನಿಸಿ, ಬಾಗಿಲು ಹಾಕುತ್ತೇನೆ.

ಗೆಡ್ಡೆ ಕ್ಯಾನ್ಸರ್ ಅಲ್ಲ ಎಂದು ವರದಿ ಬಂತು. ಪುಸ್ತಕದ ಪರೀಕ್ಷೆಯಲ್ಲೂ ತಪ್ಪು ಸಿಗಲಿಲ್ಲ. ವೀಣಾ ಫೋನಿನಲ್ಲಿ ಅತ್ತಳು, ಗಿರಿಜಕ್ಕ ಅಳಲಿಲ್ಲ. ಮೊದಲ ವಾರ ಅವರ ಧ್ವನಿ ಒಡೆದು, ಪಿಸುಗುಟ್ಟಿದಂತೆ ಬರುತ್ತಿತ್ತು. ರುದ್ರಣ್ಣ ಅಂಗಡಿಗೂ ಹೋಗದೆ ಹೆಂಡತಿಯ ಬಾಯಿಯನ್ನೇ ನೋಡುತ್ತಾ ಕೂತಿರುತ್ತಿದ್ದರು. ಕೈಬೆರಳು ಜುಮ್ಮೆನ್ನುತ್ತದೆ ಎಂದು ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಇಷ್ಟು ವರ್ಷ ಕಳೆದುಕೊಂಡಿದ್ದನ್ನು ಈಗ ಮೂಳೆಗಳು ಗಬಗಬನೆ ವಾಪಸ್ಸು ಎಳೆದುಕೊಳ್ಳುತ್ತಿವೆ ಎಂದು ಡಾಕ್ಟರು ಹೇಳಿದರು. ಮೇ ಬಂತು. ಒಂದು ದಿನ ಅಂಗಳದಿಂದ "ಸುಮಾ, ಕಾಫಿ!" ಎನ್ನುವ ಕೂಗು ಮಹಡಿಗೆ ಬಂತು. ಸ್ವಲ್ಪ ಕರ್ಕಶ, ಆದರೆ ಕೂಗೇ. ನಾನು ಮೆಟ್ಟಿಲು ಎರಡೆರಡು ಹಾರಿ ಇಳಿದೆ.

ಜಗುಲಿಯಲ್ಲಿ ಕಾಲು ಚಾಚಿ ಕೂತು ಪಠ್ಯಪುಸ್ತಕ ತೊಡೆಯ ಮೇಲಿಟ್ಟುಕೊಂಡು ರಬ್ಬರಿನಲ್ಲಿ ಉಜ್ಜುತ್ತಿದ್ದರು. ಒಂದೊಂದೇ ಬಿ ಅಳಿಸುತ್ತಿದ್ದರು. ಪೆನ್ಸಿಲ್ ಹೋದರೂ ಒತ್ತಿ ಬರೆದಿದ್ದ ಕಡೆ ಕಾಗದದಲ್ಲಿ ತಗ್ಗು ಉಳಿದಿತ್ತು, ಓರೆಯಾಗಿ ಹಿಡಿದರೆ ಕಾಣುತ್ತಿತ್ತು. ರಬ್ಬರಿನ ಪುಡಿ ನೆಲಕ್ಕೆ ಬೀಳದಿರಲಿ ಎಂದು ಕೆಳಗೆ ಒಂದು ಹಾಳೆ ಹಾಸಿದ್ದರು. ಬಗ್ಗಿ ನೋಡಿದೆ, ಅದೇ ಅರ್ಜಿ.

"ಹಾಗಾದ್ರೆ ಕೊಡಲ್ವಾ?"

"ಇನ್ನೂ ಹೇಳಕ್ಕಾಗಲ್ಲ." ಅವರು ನಗಲಿಲ್ಲ. "ಆ ಹುಡ್ಗಿ ಹೆಸ್ರು ಇನ್ನೂ ಬಂದಿಲ್ಲ ಸುಮ. ಉಳ್ದಿದ್ದೆಲ್ಲ ಬಂದೈತೆ. ನೀನೂ ಹೇಳ್ಬ್ಯಾಡ, ಯಾರೂ ಹೇಳ್ಬ್ಯಾಡಿ. ಶಾಲೆ ಬಾಗ್ಲು ತೆಗೆದ್ ದಿನ ಅಲ್ಲಿ ನಿಂತ್ಕೊಂಡು ನಾನೇ ಹೇಳ್ಬೇಕು. ಬಂದ್ರೆ ಇರ್ತೀನಿ. ಬರ್ನಿಲ್ಲ ಅಂದ್ರೆ, ಇದನ್ನ ಕೊಡವಿ ತಾರೀಕು ಹಾಕಿ ಕೊಟ್ಬುಡ್ತೀನಿ." ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡಿ ಮತ್ತೆ ಉಜ್ಜತೊಡಗಿದರು.

ಶಾಲೆ ಶುರುವಾದ ದಿನವೇ ನಾನು ಬೆಂಗಳೂರಿಗೆ ಹೊರಡಬೇಕಿತ್ತು. ಬಾಟಲಿಗಳನ್ನೆಲ್ಲ ಡಬ್ಬಿಗೆ ತುಂಬಿ ಕಿಟಕಿಕಟ್ಟೆ ಖಾಲಿ ಮಾಡಿದ್ದೆ. ಬೆಳಿಗ್ಗೆ ಮೊದಲು ಅವರ ಜೊತೆ ಹಳ್ಳಿಗೆ ಹೋದೆ. ಹಿಂದಿನ ದಿನ ನಾಲ್ಕು ಹನಿ ಮಳೆ ಬಿದ್ದಿತ್ತು, ಶಾಲೆಯ ಅಂಗಳದಲ್ಲಿ ಮಣ್ಣು ಇನ್ನೂ ಕಂಪು ಬಿಡುತ್ತಿತ್ತು. ಬಾಗಿಲಿಗೆ ಮಾವಿನ ತೋರಣ. ಗಿರಿಜಕ್ಕ ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದರು. ಹತ್ತಿದ ಮೇಲೆ ಒಮ್ಮೆ ತಿರುಗಿ ನನ್ನನ್ನು ನೋಡಿದರು, ನೋಡಿದೆಯಾ ಎನ್ನುವ ಹಾಗೆ. ನಾನು ಕಿಟಕಿಯ ಹೊರಗೆ ಸರಳು ಹಿಡಿದು ನಿಂತೆ.

ಹಾಜರಿ ಪುಸ್ತಕವನ್ನು ಮುಚ್ಚಿಯೇ ಮೇಜಿನ ಮೇಲಿಟ್ಟರು. ಮುಂದಿನ ಸಾಲಿನಿಂದ ಶುರು ಮಾಡಿದರು. ಒಂದು ಹೆಸರು, ಒಂದು ಎದ್ದು ನಿಂತ ಮಗು. ಇನ್ನೊಂದು ಹೆಸರು, ಇನ್ನೊಂದು ಮಗು. ಧ್ವನಿ ನಡುವೆ ಒಡೆಯುತ್ತಿತ್ತು, ಕೆಮ್ಮಿ ಸರಿಮಾಡಿಕೊಳ್ಳುತ್ತಿದ್ದರು. ಎರಡನೇ ಸಾಲು ಬಂತು. ಕೆಂಪು ಟೇಪು, ಎರಡು ಜಡೆ. ಗಿರಿಜಕ್ಕ ನಿಂತುಬಿಟ್ಟರು.

ಹೊರಗೆ ಹೊಂಗೆ ಮರದಲ್ಲಿ ಗಾಳಿ ಆಡುತ್ತಿತ್ತು. ಹುಡುಗಿ ಟೀಚರ ಮುಖ ನೋಡಿತು. ರಜೆಯ ಮುಂಚಿನ ಅಭ್ಯಾಸ, ಮೆಲ್ಲಗೆ ಎದ್ದು ನಿಂತಿತು, ಬಾಯಿ ತೆರೆಯಿತು. ಯಾವ ದೇವರನ್ನು ಬೇಡಿಕೊಂಡೆನೋ ನೆನಪಿಲ್ಲ.

"ಬುಡು" ಅಂದರು ಗಿರಿಜಕ್ಕ, ಕೈ ಎತ್ತಿ ತಡೆದು. "ನೀನ್ ಹೇಳ್ಬ್ಯಾಡ. ನಾನೇ ಹೇಳ್ತೀನಿ."

ಕುತ್ತಿಗೆಯ ಹೊಸ ಗೆರೆಯ ಮೇಲೆ ಅವರ ಬೆರಳು ಹೋಯಿತು. ಕಣ್ಣು ಮುಚ್ಚಿದರು. ಒಂದು ಮಗುವೂ ನಗಲಿಲ್ಲ. ಆಮೇಲೆ ಕಣ್ಣು ತೆರೆದು, ಆ ಒಡಕು ಧ್ವನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, ಕರಿಹಲಗೆಯ ಮೇಲೆ ಬರೆದಷ್ಟು ದುಂಡಗೆ ಕೂಗಿದರು.

"ಲಿ-ಖಿ-ತ."

"ಹಾಜರ್ ಮಿಸ್!"